ಬರಿಹೊಟ್ಟೆಯ ಲೆಕ್ಕ

ಐದೂಕಾಲು. ಶೆಫೀಲ್ಡಿನ ಜೆಂಕಿನ್ ರಸ್ತೆಯ ಬುಡ.
ನವೆಂಬರಿನ ಮಂಜು ದೀಪದ ಕಂಬಗಳನ್ನು
ಅರ್ಧಕ್ಕೇ ನುಂಗಿದೆ.
ಬಾಟಲಿ ಕುಲುಕಿದೆ. ಗುಲಾಬಿ ನೊರೆ.
ಕಲ್ಲಂಗಡಿ ಅಂತ ಬರೆದಿದೆ ಡಬ್ಬಿಯ ಮೇಲೆ;
ಕಲ್ಲಂಗಡಿಯನ್ನು ಕಂಡೇ ಇಲ್ಲದವರು ಮಾಡಿದ ಕಲ್ಲಂಗಡಿ,
ಸಿಹಿಯ ಹಿಂದೆಯೇ ಹಾಗಲದ ಕಹಿ.

ಕೊಟ್ಟವನು ಜಿಮ್ಮಿನ ಕೀರನ್, ಕುತ್ತಿಗೆಯೇ ಇಲ್ಲದ ಹುಡುಗ.
ಎಲ್ಲರನ್ನೂ ಲವ್ ಎನ್ನುತ್ತಾನೆ, ಇಲ್ಲಿಯ ರೂಢಿ.
‘ಹಸಿದು ಹತ್ತಿದರೆ ಸ್ನಾಯು ಕರಗುತ್ತದೆ, ಲವ್,
ಇದನ್ನು ಕುಡಿ, ಉಳಿಯುತ್ತದೆ.’
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ
ಅನ್ನಬೇಕೆನಿಸಿತು. ಇಂಗ್ಲಿಷಿನಲ್ಲಿ ಹೇಳುವುದು ಹೇಗೆ,
ಅವನಿಗೋ ಜುಟ್ಟೂ ಇಲ್ಲ.

ಇವತ್ತು ಸೋಮವಾರ, ನನಗೆ ಒಪ್ಪತ್ತು.
ಉಬಾಹಳಿಗೂ ಉಪವಾಸ,
ಅವಳದು ಸೋಮವಾರ, ಗುರುವಾರ.
ಒಂದೇ ಡಿಪೋ, ಇಬ್ಬರೂ ಬಸ್ಸು ಓಡಿಸುವವರು,
ದೇವರು ಬೇರೆ, ವಾರ ಒಂದೇ.
ಅವಳ ಫೋನು ಬೆಳಕು ಹರಿಯುವ ಗಳಿಗೆ ಎಣಿಸುತ್ತಿದೆ:
ಇನ್ನು ಹದಿನೆಂಟು ನಿಮಿಷ,
ಆಮೇಲೆ ಅವಳಿಗೆ ನೀರೂ ಇಲ್ಲ.

‘ಇದು ಕುಡಿದರೆ ನಿನ್ನದು ಮುರಿಯುತ್ತದೆಯೇನು?’
ಗೊತ್ತಿಲ್ಲ ಅಂದೆ. ಪುಡಿಯ ಬಗ್ಗೆ
ಮಠದಲ್ಲಿ ಯಾರೂ ಏನೂ ಹೇಳಿಹೋಗಿಲ್ಲ.
ಮೈಗಾದರೆ ಅನುಮಾನವಿಲ್ಲ,
ಅದರ ಖಾತೆಯಲ್ಲಿ ಒಂದು ಗುಟುಕೂ ಜಮಾ.

ಮೂರು ಗುಟುಕು. ಹತ್ತಿದೆವು.

ಗದಗಿನಲ್ಲಿ ಬಿ.ಎಸ್ಸಿ. ಓದುವಾಗ ಬಾಯಿಪಾಠ ಮಾಡಿದ್ದೆ:
ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್.
ಸ್ಟೀರಿಂಗಿಗೆ ಎಂದೂ ಬೇಕಾಗಲಿಲ್ಲ,
ಏರು ಬಂದಾಗ ಮಾತ್ರ ಒಂದೊಂದೇ ನೆನಪಾಗುತ್ತವೆ.
ಮಿಕ್ಕವು ಮೊದಲು ಯಕೃತ್ತಿಗೆ ಸುಂಕ ಕಟ್ಟಬೇಕು;
ಈ ಮೂವರು ಅಲ್ಲಿ ಹೆಚ್ಚು ನಿಲ್ಲದೆ
ನೇರ ಮೀನಖಂಡಕ್ಕೆ, ತಡೆರಹಿತ ಬಸ್ಸಿನ ಹಾಗೆ.

ಲ್ಯೂಸಿನ್ ಗೌಂಡಿ ಮೇಸ್ತ್ರಿ. ಬಂದವನೇ ಸಿಳ್ಳೆ ಹೊಡೆದು
‘ಗೋಡೆ ಎಬ್ಬಿಸ್ರೋ’ ಎನ್ನುತ್ತಾನೆ.
ಇಟ್ಟಿಗೆ ಎಲ್ಲಿ?
ಹೊರಗಿನಿಂದಲೇ ಬರಬೇಕಾದ ಇಟ್ಟಿಗೆ ಒಂಬತ್ತು ಬಗೆ,
ಬಂದದ್ದು ಮೂರು.
ಉಳಿದ ಆರಕ್ಕೆ ಕೈಯಾಳುಗಳು
ಹಳೆಯ ಗೋಡೆಯನ್ನೇ ಕೆಡವುತ್ತಾರೆ.
ಮನೆ ಕಟ್ಟಿ ನೋಡು ಎಂದವರು
ಇದನ್ನೂ ನೋಡಿಯೇ ಅಂದಿರಬೇಕು.

ಅರ್ಧ ಏರು. ಉಸಿರು ಬಾಯಿಗೆ ಬಂತು.
ಈಗ ಆ ಮೂವರನ್ನೂ ಕಟ್ಟುವ ಕೆಲಸ ಬಿಡಿಸಿ
ಒಲೆಗೆ ಹಾಕಿಯಾಯಿತು.
ಉರಿಯದ ಸಾರಜನಕವನ್ನು ಅಲನಿನ್ ಹೊತ್ತು
ಯಕೃತ್ತಿಗೆ ನಡೆಯುತ್ತದೆ; ಅಲ್ಲಿ ಹೊರೆ ಇಳಿಸಿ
ತಾನೇ ಸಕ್ಕರೆಯಾಗಿ ರಕ್ತಕ್ಕೆ ಮರಳುತ್ತದೆ.
ಇಳಿಸಿದ ಹೊರೆ ಏಳು ಗಂಟೆಗೆ ಡಿಪೋದ ಶೌಚಕ್ಕೆ.
ಕೀರನ್ನನ ಇಪ್ಪತ್ತೆಂಟು ಪೌಂಡಿನ ಡಬ್ಬಿ
ಹೀಗೂ ಹರಿದುಹೋಗುತ್ತದೆ.

ಡೀಸೆಲ್ ಮುಗಿದರೆ ನನ್ನ ಬಸ್ಸು ನಿಲ್ಲುತ್ತದೆ,
ಅದಕ್ಕೆ ಮರ್ಯಾದೆ ಇದೆ.
ಮೈ ನಿಲ್ಲುವುದಿಲ್ಲ. ಸೀಟು ಕಿತ್ತು ಉರಿಸುತ್ತದೆ.
ಒಂದೆರಡು ಸೀಟು ಅಷ್ಟೆ, ಕೀರನ್ ಹೆದರಿಸುವಷ್ಟಲ್ಲ;
ನಿಧಾನ ಹತ್ತಿದರೆ ಹೆಚ್ಚಿನ ಬೆಂಕಿ ಸೊಂಟದ ಕೊಬ್ಬಿನದೇ:
ಹತ್ತು ವರ್ಷದ ರಾತ್ರಿಪಾಳಿ, ಚಿಪ್ಸು,
ಮಲ್ಲೇಶಿ ತೀರಿಕೊಂಡ ವರ್ಷ
ಅಡಿಗೆಮನೆಯಲ್ಲಿ ನಿಂತೇ ತಿಂದದ್ದೆಲ್ಲ.

ತುದಿ. ಕೆಳಗೆ, ಕುಲುಮೆಗಳಿದ್ದ ಬಯಲಲ್ಲಿ
ಅಂಗಡಿಗಳ ದೀಪ.
‘ಮೂರು ನಿಮಿಷ ಇದೆ’ ಅಂದಳು ಉಬಾಹ್,
ಬಾಟಲಿ ಇಸಕೊಂಡು
ತಳ ಕಾಣುವ ತನಕ ಕುಡಿದು ಮುಖ ಹಿಂಡಿದಳು:
‘ಥೂ, ಸೋಪಿನ ನೀರು.’
ಫೋನು ಗುಂಯ್ ಅಂದಿತು. ತುಟಿ ಒರೆಸಿಕೊಂಡಳು,
ಅಲ್ಲಿಗೆ ಅವಳ ಬಾಗಿಲು ಮುಚ್ಚಿತು.

ನನ್ನದು ತೆರೆದಿತ್ತೋ ಮುಚ್ಚಿತ್ತೋ.
ಸಂಜೆ ಆರಕ್ಕೆ ಹೆಸರುಕಾಳು ನೆನೆದಿರುತ್ತದೆ,
ಡಬ್ಬಿಯಲ್ಲಿ ಇನ್ನೆರಡು ಹಿಡಿ ಜೋಳದ ಹಿಟ್ಟು;
ಒಂದರಲ್ಲಿಲ್ಲದ್ದು ಇನ್ನೊಂದರಲ್ಲಿ.
ಅಲ್ಲಿಯವರೆಗೆ ಸಿಳ್ಳೆ ಹೊಡೆಯುತ್ತಿರಲಿ ಮೇಸ್ತ್ರಿ.

ಇಳಿಯುವಾಗ ತೊಡೆ ನಡುಗಿತು.
ಬದಿಯ ಕಂಬಿ ಹಿಡಿದೆ.
ಕಂಬಿ ಮಂಜಿಗಿಂತ ತಣ್ಣಗಿತ್ತು.