ಬೋಟು ಕಟ್ಟಿದ ತಿಂಗಳು

ಮೇ ಮೂವತ್ತೊಂದಕ್ಕೆ ಮಲ್ಪೆಯ ದಕ್ಕೆಗೆ ತಂದು
ಬೋಟು ಕಟ್ಟಿದೆವು. ಎರಡು ತಿಂಗಳು ಕಡಲಿಗೆ ರಜೆ.
ಮಗಳಿಗೆ ಅದೇ ವಾರ ರಜೆ ಮುಗಿಯಿತು.
ಅಂಗನವಾಡಿಯ ಉಪ್ಪಿಟ್ಟನ್ನು ಶಾಲೆಯೆಂದು ಲೆಕ್ಕ ಹಿಡಿಯದಿದ್ದರೆ
ಆರು ವರ್ಷದ ರಜೆ.

ಹತ್ತು ದಿನ ನೀರಲ್ಲಿ, ಎರಡು ದಿನ ನೆಲದಲ್ಲಿ ಇರುವವನು ನಾನು.
ಅವಳ ಮೊದಲ ಹಲ್ಲು ಬಿದ್ದದ್ದು
ಫೋನಿನ ಗರಗರದೊಳಗೆ ಗೊತ್ತಾಯಿತು.
ಪ್ರಮೀಳಾ ಒಣಮೀನಿನ ಬುಟ್ಟಿ ತಲೆಗೇರಿಸುತ್ತ ಹೇಳಿದಳು:
ಈ ಒಂದು ಕೆಲಸ ನಿಮ್ಮದು. ಶಾಲೆಗೆ ತಯಾರು ಮಾಡಿ.

ಮಳೆಗೆ ಚಪ್ಪಲಿ ಸಾಕಿತ್ತು. ಇವಳು ಕೇಳಬೇಕಲ್ಲ,
ಉಡುಪಿಗೆ ಹೋಗಿ ಶೂ ತಂದೆವು, ಬಿಳಿ ಲೇಸಿನದು.
ನನಗೆ ಗೊತ್ತಿರುವ ಗಂಟೆಲ್ಲ ಗಾಳಿಗೆ ಬಿಚ್ಚದ ಗಂಟು,
ನೆನೆದಷ್ಟೂ ಬಿಗಿಯುವ ಗಂಟು,
ಕತ್ತಿಯಿಲ್ಲದೆ ಬಿಡದ ಗಂಟು.
ಒಂದೇ ಎಳೆತಕ್ಕೆ ಬಿಚ್ಚಬೇಕಾದ ಗಂಟು
ನನಗೆ ಯಾರೂ ಕಲಿಸಿರಲಿಲ್ಲ.
ಓದಿದ್ದು ಐದನೇ ತನಕ, ಅದೂ ಬರಿಗಾಲಲ್ಲಿ.
ಪಕ್ಕದ ಮನೆಯ ನಿಶ್ಚಲ್, ಏಳನೇ ಕ್ಲಾಸು,
ಜಗಲಿಯಲ್ಲಿ ಕೂತು ಇಬ್ಬರಿಗೂ ಪಾಠ ಮಾಡಿದ.
ಅವಳಿಗೆ ಮೊದಲು ಬಂತು.

ಹೆಸರಿನದು ಇನ್ನೊಂದು ಕಷ್ಟ.
ಹುಟ್ಟಿದಂದಿನಿಂದ ಚಿಮ್ಮಿ ಎಂದೇ ಕರೆದದ್ದು.
ಬೆಳಗ್ಗೆ ಚಾ ಕುಡಿಯುತ್ತ ಹಾಜರಿ ಕರೆದೆ:
ಪ್ರಾಪ್ತಿ ಪಿ. ಮೈಂದನ್!
ಯಾರು ಬಂದರೆಂದು ಅವಳು ಬಾಗಿಲಿಗೆ ಹೋಗಿ ನೋಡಿದಳು.

ಒಂದಕ್ಕೆ ಹೋಗಬೇಕು ಟೀಚರ್, ಎಂದು ಹೇಳಲು ಕಲಿಸಿದೆ.
ಅದು ಬಾರದೆ ನಾನು ಒದ್ದೆ ಮಾಡಿದ ಬೆಂಚು
ಈಗಲೂ ಅಲ್ಲೇ ಇರಬಹುದು. ಅದನ್ನು ಹೇಳಲಿಲ್ಲ.
ದಿನಕ್ಕೆ ಹತ್ತು ಸಲ ಹೇಳಿಸಿದೆ.
ಈಗ ಹಿತ್ತಲಿಗೆ ಹೋಗುವುದಕ್ಕೂ ನನ್ನನ್ನು ಕೇಳುತ್ತಾಳೆ,
ಕನ್ನಡದಲ್ಲಿ, ಬಹಳ ಗೌರವದಿಂದ.

ಆದರೆ ಹೆಸರು ಬರೆಸಲು ಹೋದ ದಿನ ಆದದ್ದೇ ಬೇರೆ.
ಟೀಚರ್ ಗದಗದ ಕಡೆಯವರು, ಊರಿಗೆ ಬಂದು ಆರು ತಿಂಗಳು.
ಅಪ್ಪ ಏನ್ ಮಾಡ್ತಾರವ್ವಾ, ಎಂದು ಕೇಳಿದರು.
ಮೀನು ಮಾರ್ತಾಳೆ, ಎಂದಳು.
ಮತ್ತೆ ಅಮ್ಮ?
ಬೋಟಿಗೆ ಹೋಗ್ತಾರೆ. ಮೀಸೆ ಉಂಟು.

ಟೀಚರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.
ಏನೆಂದು ಬಿಡಿಸಿ ಹೇಳುವುದು?
ತುಳುವಿನಲ್ಲಿ ಹೆತ್ತವಳು ಅಪ್ಪೆ, ಹುಟ್ಟಿಸಿದವನು ಅಮ್ಮೆ;
ಕನ್ನಡಕ್ಕೆ ಬರುವಾಗ ನಾವಿಬ್ಬರೂ
ಸೀರೆ ಲುಂಗಿ ಅದಲು ಬದಲು ಮಾಡಿಕೊಳ್ಳಬೇಕು ಟೀಚರ್.

ಆ ರಾತ್ರಿ ಪುಸ್ತಕದ ಚಿತ್ರಕ್ಕೆ ಬೆರಳಿಟ್ಟು ಹೇಳಿಕೊಟ್ಟೆ:
ಶಾಲೆಯಲ್ಲಿ ಇವಳು ಅಮ್ಮ. ಶಾಲೆಯಲ್ಲಿ ನಾನು ಅಪ್ಪ.
ಅವಳು ತುಂಬ ಹೊತ್ತು ಚಿತ್ರದವಳನ್ನೇ ನೋಡಿದಳು.
ಬೆಲ್ ಹೊಡೆದ ಮೇಲೆ ಮತ್ತೆ ಅಮ್ಮೆ ಆಗ್ತೀರಾ?
ಆಗ್ತೇನೆ.
ಗೇಟಿನ ಹತ್ತಿರವೇ?
ಗೇಟಿನ ಹತ್ತಿರವೇ.

ಮೊದಲ ದಿನ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.
ಕೊಡೆಯೊಳಗೆ ಎಲ್ಲ ಸರಿಯಿತ್ತು, ಹೆಸರು, ಲೇಸು, ಒಂದಕ್ಕೆ.
ಗೇಟು ದಾಟಿದ್ದೇ ತಡ, ಕಲಿತದ್ದೆಲ್ಲ ಬಿಚ್ಚಿಕೊಂಡಿತು:
ಅಮ್ಮೇ, ಅಮ್ಮೇ ಎಂದು ನನ್ನ ಅಂಗಿ ಹಿಡಿದು ಕೂಗಿದಳು.
ಟೀಚರ್ ಬಂದು ಕೈ ಬಿಡಿಸಿದರು,
ಕಣ್ಣೊರೆಸಿ ಹೇಳಿದರು:
ಅಳಬ್ಯಾಡವ್ವಾ, ಸಂಜಿಗಿ ಅಮ್ಮ ಬರ್ತಾರ.

ಅವರು ಹೇಳಿದ್ದು ಪ್ರಮೀಳಾಳನ್ನು.
ಅವಳು ನನ್ನ ಕಡೆ ನೋಡಿದಳು,
ನಾನು ತಲೆಯಾಡಿಸಿದೆ,
ಒಳಗೆ ಹೋದಳು.

ನಾಲ್ಕಕ್ಕೆ ಬೆಲ್ಲು. ನಾನು ಮೂರಕ್ಕೇ ಹೋಗಿ ನಿಂತೆ.
ಆಗಸ್ಟ್ ಒಂದರ ತನಕ ಬೇರೆ ಕೆಲಸವಿಲ್ಲ.