ಬಲೆ ಶೆಡ್ಡಿನಲ್ಲಿ, ಏಳು ಗಂಟೆಗೆ

ಜೂನ್ ಒಂದರಿಂದ ಬೈತಖೋಲದಲ್ಲಿ ಇಂಜಿನ್ನುಗಳಿಗೆ ರಜೆ.
ಬಲೆ ಶೆಡ್ಡಿನ ನೆಲಕ್ಕೆ ನೀರು ಹೊಡೆದು, ಮೀನಿನ ಹುರುಪೆ ಕೆರೆದು,
ಹಳೆಯ ತಾಡಪಾಲು ಹಾಸಿದ್ದೇವೆ.
ವಾಸನೆ ಹೋಗಿಲ್ಲ. ಹೋಗುವುದೂ ಇಲ್ಲ.
‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಅಂದ ಮೊದಲ ದಿನ
ಎಲ್ಲರಿಗಿಂತ ಮೊದಲು ಸೀನಿದವಳು ನಾನೇ.

ನನ್ನ ಚೀಲದಲ್ಲೊಂದು ಪಟ್ಟಿಯಿತ್ತು:
ಮೊದಲು ಇದು, ಆಮೇಲೆ ಅದು,
ಬೆನ್ನು ನೇರ, ಕಣ್ಣು ಮುಚ್ಚಿ.
ಪಟ್ಟಿಗೆ ಇನಾಸನ ಕಾಲು ಗೊತ್ತಿರಲಿಲ್ಲ.
ಎಡದ್ದು ವಿಂಚಿಗೆ ಹೋಗಿದೆ, ಮೊಣಕಾಲಿಂದ ಕೆಳಗೆ.
‘ವೃಕ್ಷಾಸನ’ ಅಂದವಳು ನಾಲಿಗೆ ಕಚ್ಚಿಕೊಂಡೆ.
ಅವನು ಕಂಬಕ್ಕೆ ಬೆನ್ನು ಕೊಟ್ಟು, ಊರುಗೋಲು ಬದಿಗಿಟ್ಟು,
‘ನಾನು ಶುರು ಮಾಡಿ ಎಂಟು ವರ್ಷವಾಯ್ತು ಅಕ್ಕೋರೆ,
ನೀವು ಎತ್ತಿ ನಿಮ್ಮ ಕಾಲು’ ಅಂದ.

ಮಾಲಾಸನ ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು.
ಶೇವಂತಿಬಾಯಿ ಮೂವತ್ತು ವರ್ಷದಿಂದ ಅದರಲ್ಲೇ ಇದ್ದಾಳೆ,
ಮಾರ್ಕೆಟ್ಟಿನ ಕಟ್ಟೆಯ ಮೇಲೆ,
ಮುಂದೆ ಬಂಗಡೆ, ಕಾಲಡಿಗೆ ಮೆಟ್ಟುಗತ್ತಿ.
ಅವಳನ್ನು ಮುಂದೆ ಕೂರಿಸಿ
ನಾನು ಹಿಂದಿನ ಸಾಲಿಗೆ ಹೋದೆ.

ಗಜು ಕೂರುವುದಿಲ್ಲ. ಮುಟ್ಟಿಸಿಕೊಳ್ಳುವುದೂ ಇಲ್ಲ.
ಗೋಡೆಗುಂಟ ಸುತ್ತುತ್ತಾನೆ, ಬೆರಳಲ್ಲಿ ಬಲೆಯ ಕಣ್ಣು ಎಣಿಸುತ್ತ.
ಅವನ ತಾಯಿ ಹಿಂದೆ ಹಿಂದೆ, ಕ್ಷಮೆ ಕೇಳುವ ಮುಖ ಹೊತ್ತು.
ಬಿಡಿ, ಅಂದೆ. ಹನ್ನೊಂದನೆಯ ದಿನ
ಖಾಲಿ ಮೀನಿನ ಕ್ರೇಟಿನೊಳಗೆ ತಾನಾಗಿ ಇಳಿದು
ಮಂಡಿಗೆ ಗಲ್ಲ ಊರಿ ಹದಿನಾರು ಉಸಿರು ಕೂತ.
ಎಣಿಸಿದವಳು ನಾನು. ತಾಯಿ ಎಣಿಸಲಿಲ್ಲ,
ಭುಜ ಇಳಿಬಿಟ್ಟಳು.

ಐಸ್ ಪ್ಲಾಂಟಿನ ಜುಬೇದಾ ಬಾಗಿಲಲ್ಲೇ ನಿಂತು ಕೇಳಿದಳು:
‘ಓಂ ಅನ್ನಲೇಬೇಕಾ?’
ಬೇಡ. ತುಟಿ ಮುಚ್ಚಿ,
ದೂರದಿಂದ ಬೋಟು ಬರುವ ಹಾಗೆ ಮ್‌ಮ್‌ಮ್ ಅನ್ನಿ, ಸಾಕು.
ಮಕ್ಕಳಿಗೆ ಇದಕ್ಕಿಂತ ಬೇಕಾ!
ಒಬ್ಬ ಪರ್ಸೀನ್ ಬೋಟಾದ, ಇಬ್ಬರು ಟ್ರಾಲರು,
ಕೋಸ್ಟ್ ಗಾರ್ಡ್ ಒಬ್ಬಳು, ಎಲ್ಲರನ್ನೂ ಅಟ್ಟಿಸಿಕೊಂಡು.
ಕಿವಿ ಕೇಳದ ಜುಬೇದಾಳ ಮೊಮ್ಮಗ
ಅಜ್ಜಿಯ ಬೆನ್ನಿಗೆ ಅಂಗೈ ಒತ್ತಿ ನಿಂತವನು
ಕೈಸನ್ನೆಯಲ್ಲಿ ಕೂಗಿದ: ಬಂತು, ಬಂತು!

ಕೊನೆಗೆ ಶವಾಸನ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ:
‘ಹೆಣದ ಹಾಗೆ ಮಲಗಿ. ಎಲ್ಲ ಬಿಟ್ಟುಬಿಡಿ.’
ಎಲ್ಲರೂ ಮಲಗಿದರು.
ಶೇವಂತಿಬಾಯಿಯ ಮೊಮ್ಮಗಳು ಕುಸುಮಿ ಕೂತೇ ಇದ್ದಳು,
ಒಂಬತ್ತು ವರ್ಷ, ಕಣ್ಣು ಸಮುದ್ರದ ಕಡೆಯ ಕಿಂಡಿಗೆ.
‘ಅಪ್ಪ ಸಿಗಲಿಲ್ಲ’ ಅಂದಳು, ಹಾಜರಿ ಹೇಳುವಷ್ಟು ಸಪ್ಪೆಯಾಗಿ,
‘ಹೆಣ ಹೇಗಿರ್ತದೆ, ನಮಗೆ ಗೊತ್ತಿಲ್ಲ.’

ತಗಡಿನ ಮೇಲೆ ಮಳೆ ಒಮ್ಮೆ ಜೋರಾಯಿತು.
ಶೇವಂತಿಬಾಯಿ ಮಲಗಿದಲ್ಲೇ ಗೋಡೆಗೆ ಹೊರಳಿದಳು.
ಮಾತಾಡಿದವನು ಇನಾಸ, ಚಾವಣಿಗೆ ಹೇಳುವ ಹಾಗೆ:
‘ಹೊರಗೆ ನೋಡು ಪೋರಿ. ದೋಣಿ ಹೇಗೆ ಮಲಗಿವೆ?
ಒಂದು ಬದಿಗೆ ವಾಲಿ, ಹೊಟ್ಟೆ ಮರಳಿಗೆ ಕೊಟ್ಟು.
ಸತ್ತಿವೆಯಾ? ಆಗಸ್ಟಿಗೆ ಮತ್ತೆ ನೀರಿಗೆ.’

ಬಹಳ ಹೊತ್ತು ನೋಡಿದಳು. ಆಮೇಲೆ ಮಗ್ಗುಲಾಗಿ ಮಲಗಿದಳು.
ಕಣ್ಣು ಮುಚ್ಚಲಿಲ್ಲ.
ಮುಚ್ಚು ಅಂತ ನಾನೂ ಅನ್ನಲಿಲ್ಲ.

ಅಂದಿನಿಂದ ಅದರ ಹೆಸರು ‘ಎಳೆದಿಟ್ಟ ದೋಣಿ’.
ಅಂಗಾತ ಮಲಗಬಹುದು, ಕವುಚಿ ಮಲಗಬಹುದು,
ಕ್ರೇಟಿನೊಳಗಿದ್ದರೂ ನಡೆಯುತ್ತದೆ.

ನಿನ್ನೆ ಎಲ್ಲರಿಗೂ ಮಲಗಲು ಹೇಳಿ
ನಾನೇ ನಿದ್ದೆ ಹೋಗಿದ್ದೆನಂತೆ.
ಎಚ್ಚರಾದಾಗ ಕುಸುಮಿ ನನ್ನ ಎರಡೂ ಕೈ ಹಿಡಿದು ಜಗ್ಗುತ್ತಿದ್ದಳು,
ಇನಾಸ ಊರುಗೋಲು ಬಡಿದು ‘ಹೈಸಾ, ಹೈಸಾ’ ಅನ್ನುತ್ತಿದ್ದ,
ಮತ್ತೆ ಹಿಂದಿನಿಂದ, ನನ್ನ ಬೆನ್ನಿಗೆ,
ಎರಡು ಪುಟ್ಟ ಅಂಗೈ,
ತಳ್ಳುತ್ತಿದ್ದವನು ಗಜು.