ಹತ್ತು ಗ್ರಾಂ

ಔಲು ಪಟ್ಟಣದ ಅಂಗಡಿಯಲ್ಲಿ
ಒಂದೇ ಸಲಕ್ಕೆ ಹದಿನೈದು ಕಿಲೋ ಸಕ್ಕರೆ ಕೊಂಡರೆ
ಗಲ್ಲೆಯ ಹುಡುಗಿ ಕೇಳುತ್ತಿದ್ದಳು:
ಜನವರಿಯಲ್ಲಿ ಎಲ್ಲಿಂದ ತರುತ್ತೀರಿ ಜ್ಯಾಮಿಗೆ ಹಣ್ಣು?
ಜ್ಯಾಮಿಗಲ್ಲ, ತಲೆ ಮಾಡುವುದಕ್ಕೆ, ಅನ್ನುತ್ತಿದ್ದೆ.
ಅವಳು ನಗದೆ ಚಿಲ್ಲರೆ ಎಣಿಸುತ್ತಿದ್ದಳು.

ಸುಳ್ಳಲ್ಲ ಅದು.
ನೀರು, ಸಕ್ಕರೆ, ಅಳತೆಯ ಉಪ್ಪು,
ಬೂಸಲು ಹಿಡಿಯದಂತೆ ಚಿಟಿಕೆ ಔಷಧಿ.
ಕದಡಿ, ಆರಿಸಿ, ಬುರುಡೆಗೆ ಹೊಯ್ದರೆ
ಅಲೆಗಳ ಮಟ್ಟಿಗೆ ಅದೇ ಮಿದುಳು.
ಇದರಲ್ಲಿ ಯಾರ ನೆನಪಿದೆ ಎಂದು
ಅಲೆ ಕೇಳುವುದಿಲ್ಲ.

ಬುರುಡೆಗೆ ನಾವಿಟ್ಟ ಹೆಸರು ಒಸ್ಮೊ.
ಯಾವುದೋ ಸೇನೆಯ ದಪ್ಪ ತಲೆಯ ಗಂಡಸರನ್ನು
ಸಾಲಾಗಿ ನಿಲ್ಲಿಸಿ ತೆಗೆದ ಅಳತೆಯಂತೆ.
ಉದ್ದಕ್ಕೆ ಸೀಳಿ, ಮೇಜಿನಲ್ಲಿ ತೊಟ್ಟಿಯಂತೆ ಹುದುಗಿಸಿ,
ಎಡಗೆನ್ನೆ ಬೇರೆ, ಬಲಗೆನ್ನೆ ಬೇರೆ.
ಬಾಯಿ ತೆರೆಯದ ಮುಖ.
ಮೂವತ್ತು ವರ್ಷದಲ್ಲಿ ನಾನು ಕಂಡ ಗಂಡಸರಲ್ಲಿ
ಬುರುಡೆ ಬಿಡದ ಬುರುಡೆ ಇದೊಂದೇ.

ಕೆಳಗಿನಿಂದ ಫೋನನ್ನು ಕೆನ್ನೆಗೆ ಒತ್ತುತ್ತೇನೆ.
ಮೇಲಿನಿಂದ ಯಂತ್ರದ ಹಳದಿ ತೋಳು
ಸೂಜಿಯಷ್ಟು ತೆಳ್ಳಗಿನ ಕಡ್ಡಿಯನ್ನು ಪಾಕದಲ್ಲದ್ದಿ
ಚುಕ್ಕಿ ಚುಕ್ಕಿಯಾಗಿ ನಡೆಯುತ್ತದೆ,
ಹೆಚ್ಚು ಬಿಸಿಯ ತಾವು ಹುಡುಕಿ
ಅಲ್ಲೇ ಸುತ್ತ ಸುತ್ತ ಮೂಸುತ್ತದೆ.
ಕೊನೆಗೆ ಒಂದು ಸಂಖ್ಯೆ:
ಹತ್ತು ಗ್ರಾಂ ಮಾಂಸದ ಸರಾಸರಿ. ಸೊನ್ನೆ ಬಿಂದು ಏಳು ನಾಲ್ಕು.
ಮಿತಿ ಎರಡು. ಸಹಿ. ಮುಂದಿನ ಫೋನು.

ಕೆಮಿಯಿಂದ ಒಬ್ಬ ತಾಯಿ ಫೋನಿನಲ್ಲೇ ಕೇಳಿದಳು:
ನನ್ನ ಮಗಳ ತಲೆ ಅಷ್ಟು ದೊಡ್ಡದಲ್ಲವಲ್ಲ?
ಹೌದು, ಅಲ್ಲ, ಅಂದೆ.
ಮಿತಿಯನ್ನು ಬಹಳ ಕೆಳಗೇ ಇಟ್ಟಿದ್ದಾರೆ, ಅಂದೆ.
ನಾವು ಅಳೆಯುವುದು ಬಿಸಿಯನ್ನು, ಭಯವನ್ನಲ್ಲ
ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು,
ನುಂಗಿಕೊಂಡೆ. ಅವಳು ಕೇಳಿದ್ದು ಹತ್ತು ಗ್ರಾಮನ್ನಲ್ಲ,
ಇಡೀ ಮಗುವನ್ನು.

ಪರೀಕ್ಷೆಯಲ್ಲಿ ಫೋನು ಗಂಟಲು ಹರಿಯುವಂತೆ ಕೂಗಬೇಕು,
ಗೋಪುರ ಎಲ್ಲೋ ದೂರದಲ್ಲಿದೆ ಎಂಬಂತೆ.
ಪೇಟೆಯಲ್ಲಿ ಹಾಗೆ ಕೂಗುವ ಪ್ರಮೇಯವೇ ಇಲ್ಲ,
ಪಿಸುಗುಟ್ಟಿದರೂ ಸಾಕು, ಎನ್ನುತ್ತಾನೆ ಯೋರ್ಮ.
ಅವನಿಗೆ ನನ್ನ ತಂಗಿ ಗೊತ್ತಿಲ್ಲ.

ತೆರ್ಹಿ, ಉತ್ಸ್‌ಯೋಕಿಯ ಆಚೆ
ಹಿಮ ತಳ್ಳುವ ಲಾರಿ ಓಡಿಸುತ್ತಾಳೆ.
ಪರದೆಯ ಮೇಲೆ ಒಂದೇ ಗೆರೆ, ಅದೂ ಗಾಳಿ ಬಂದಂತೆ.
ಭಾನುವಾರ ಫೋನು ಮಾಡಿ, ಹಿಮ ಬಿದ್ದಿದೆ, ಅನ್ನುತ್ತಾಳೆ.
ಹೂಂ, ಅನ್ನುತ್ತೇನೆ.
ಆಮೇಲೆ ಇಬ್ಬರೂ ಸುಮ್ಮನೆ.
ಮಾತಿಲ್ಲದಾಗ ಫೋನೂ ದನಿ ತಗ್ಗಿಸುತ್ತದೆ,
ಹಾಗಾಗಿ ನಮ್ಮಿಬ್ಬರ ಲೆಕ್ಕದಲ್ಲಿ
ಅಕ್ಕತಂಗಿತನದ ಪ್ರಮಾಣ ಯಾವಾಗಲೂ
ಮಿತಿಗಿಂತ ಎಷ್ಟೋ ಕೆಳಗೆ.

ಕಳೆದ ಮಾರ್ಚಿಯಲ್ಲಿ, ಮಂಗಳವಾರ, ನಡುರಾತ್ರಿ
ಅವಳ ನೇಗಿಲಿಗೆ ಕಬ್ಬಿಣ ತಾಕಿತು.
ಹಿಮದಡಿ ಒಂದು ಕಾರು, ಒಳಗೆ ಒಬ್ಬ ಮುದುಕ,
ಮಡಿಲಲ್ಲಿ ಫೋನು, ಚಾರ್ಜು ಮುಗಿದದ್ದು.
ಬದುಕಿದ್ದ. ಆಂಬುಲೆನ್ಸು ಬಂದು ಹೋದ ಮೇಲೆ
ತೆರ್ಹಿ ನನಗೆ ಫೋನು ಮಾಡಿ
ನಲವತ್ತು ನಿಮಿಷ, ಒಂದೇ ಸಮನೆ ಮಾತಾಡಿದಳು.
ಅವನ ಕೈಗವುಸು, ಅವನು ಕೇಳಿದ ಸಿಗರೇಟು,
ನಮ್ಮಮ್ಮನ ಹಳೆ ನಾಯಿ, ನಾನು ಮರೆತೇಬಿಟ್ಟಿದ್ದ ಒಂದು ಜಗಳ.

ಕೇಳುತ್ತಲೇ ನಾನು ಲೆಕ್ಕ ಹಾಕುತ್ತಿದ್ದೆ:
ಒಂದೇ ಗೆರೆ, ಪೂರ್ತಿ ಕೂಗು, ಎಡಗೆನ್ನೆ.
ನಾಚಿಕೆಯಾಗಿ ಬಿಟ್ಟೆ.
ನನ್ನ ಕಿವಿಯೂ ಸುಡುತ್ತಿತ್ತು. ಬ್ಯಾಟರಿಯ ಬಿಸಿ ಅದು,
ನನಗೆ ಗೊತ್ತು. ಗೊತ್ತಿರುವುದೇ ನನ್ನ ಕೆಲಸ.

ಈಗ ಒಸ್ಮೊನ ತಲೆಗೆ ಎಣ್ಣೆಯಂಥ ಸಿದ್ಧ ದ್ರವ,
ಡಬ್ಬದಲ್ಲೇ ಬರುತ್ತದೆ, ಬೂಸಲಿನ ಕಾಟವಿಲ್ಲ.
ಉಳಿದ ಸಕ್ಕರೆಯನ್ನು ಮನೆಗೆ ತಂದೆ.
ಜುಲೈಯಲ್ಲಿ ತೆರ್ಹಿ ಬಂದಳು,
ಹಿಮದ ಮಾತಿರಲಿಲ್ಲ, ಆದ್ದರಿಂದ ಮಾತೇ ಇರಲಿಲ್ಲ.
ಕಾಫಿಗೆ ಎರಡು ಚಮಚ ಹಾಕಿ ಕದಡಿದಳು,
ಸುಮಾರು ಹತ್ತು ಗ್ರಾಂ.
ನಾನು ಅಳೆಯಲಿಲ್ಲ.